ಚೂರು ಮರದಿಂದ ಮನೆಬಳಕೆಯ ಸಾಮಾನು: ಸಿಎನ್‌ಸಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನಲ್ಲಿ ನಮ್ಮ ಮನೆಯ ಹಿಂದೆ ಶೀಟ್ ಹಾಕಿದ ಒಂದು ಶೆಡ್ ಇದೆ. ಅಲ್ಲಿ ಕಂಪ್ಯೂಟರ್ ಹೇಳಿದ ಹಾಗೆ ಮರ ಕೊರೆಯುವ ಎರಡು ಸಿಎನ್‌ಸಿ ಯಂತ್ರಗಳಿವೆ. ಒಂದು ಮೇಜಿನ ಮೇಲೆ ಕೂರುವ, 3018 ಎಂಬ ಚಿಕ್ಕ ಮಾದರಿ. ಇನ್ನೊಂದು ಎರಡಡಿ ಅಗಲ, ಮೂರಡಿ ಉದ್ದದ್ದು. ಹೊಸ ಮರ ಕೊಳ್ಳುವುದು ತುಂಬಾ ಅಪರೂಪ. ಬೇರೆಯವರು ಒಲೆಗೆ ಹಾಕುವ ತುಂಡುಗಳೇ ನಮ್ಮ ಬಂಡವಾಳ. ಶೆಡ್ಡಿಗೆ ಬಂದವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಆಗಿರುತ್ತವೆ. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ.

ಸಿಎನ್‌ಸಿ ಏನು ಮಾಡುತ್ತದೆ? ಆಚಾರಿ ಮಾಡದ್ದನ್ನು ಇದು ಮಾಡುತ್ತದಾ?

ತಿರುಗುತ್ತಾ ಮರ ಕೊರೆಯುವ ಒಂದು ಬಿಟ್ಟನ್ನು (ಅಲಗಿರುವ ಕಡ್ಡಿ) ಕಂಪ್ಯೂಟರ್ ಹೇಳಿದ ದಾರಿಯಲ್ಲಿ ಎಡಕ್ಕೆ ಬಲಕ್ಕೆ, ಹಿಂದೆ ಮುಂದೆ, ಮೇಲೆ ಕೆಳಗೆ ಓಡಿಸುತ್ತದೆ, ಅಷ್ಟೇ. ಒಳ್ಳೆಯ ಆಚಾರಿ ಮಾಡಲಾಗದ್ದು ಇದರಲ್ಲಿ ಏನೂ ಇಲ್ಲ. ಆದರೆ ಒಂದೇ ಅಳತೆಯ 14 ಗುಳಿ ತೋಡಬೇಕು ಅಂದರೆ ಇದು ಬೇಸರವಿಲ್ಲದೆ ತೋಡುತ್ತದೆ. ಮರದ ಗುಣ ಮಾತ್ರ ಇದಕ್ಕೆ ಗೊತ್ತಾಗುವುದಿಲ್ಲ. ಎಳೆ ಯಾವ ಕಡೆ ಓಡಿದೆ, ಗಂಟು ಎಲ್ಲಿದೆ ಅಂತ ನೋಡುವ ಕೆಲಸ ನಮ್ಮದೇ. ಅದನ್ನು ನಾನು ಕಲಿತದ್ದು ನಮ್ಮ ಬೀದಿಯ ಆಚಾರ್ರ ಹತ್ತಿರ ಕೂತು.

ಚೂರು ಮರ ಎಲ್ಲಿ ಸಿಗುತ್ತದೆ?

ಮೊದಲು ಆಚಾರಿಗಳ ಅಂಗಡಿ. ಬಾಗಿಲು, ಕಿಟಕಿ ಮಾಡಿ ಉಳಿದ ಒಂದಡಿ, ಒಂದೂವರೆ ಅಡಿ ತುಂಡುಗಳು ಅವರಿಗೆ ಬೇಡ, ನಮಗೆ ಚಿನ್ನ. ಒಣಗಿಸಿದ ಒಳ್ಳೆಯ ಮರ ಸಿಗುವುದು ಅಲ್ಲೇ. ಆಮೇಲೆ ಸಾಮಿಲ್. ಅಲ್ಲಿ ಮರದ ದಿಮ್ಮಿಯ ಹೊರಮೈ ಸೀಳುಗಳು ಸಿಗುತ್ತವೆ, ಆದರೆ ಹಸಿಯಾಗಿರುತ್ತವೆ. ಹಳೇ ಮನೆ ಕೆಡವುವ ಕಡೆ ತೊಲೆ, ಜಂತೆ, ಬಾಗಿಲ ಚೌಕಟ್ಟು ಬರುತ್ತವೆ. ಅಂತರಸನಹಳ್ಳಿ, ವಸಂತನರಸಾಪುರದ ಕಾರ್ಖಾನೆಗಳ ಕಡೆಯಿಂದ, ಸರಕು ಹೇರಲು ಬಳಸುವ ಮರದ ಪ್ಯಾಲೆಟ್ಟುಗಳು ಗುಜರಿಗೆ ಬರುತ್ತವೆ. ತಿಪಟೂರು, ತುರುವೇಕೆರೆ ಕಡೆ ನೆಂಟರಿದ್ದರೆ ತೋಟದಲ್ಲಿ ಬಿದ್ದ ತೆಂಗು, ಹಲಸು ಕೇಳಿ ನೋಡಿ.

ಒಂದು ಮಾತು. ಏನು ಮಾಡಬೇಕು ಅಂತ ಮೊದಲು ತೀರ್ಮಾನಿಸಿ ಮರ ಹುಡುಕಲು ಹೋಗಬೇಡಿ. ಕೈಗೆ ಬಂದ ತುಂಡನ್ನು ಒರೆಸಿ, ನೀರಿನಲ್ಲಿ ಸ್ವಲ್ಪ ಒದ್ದೆ ಮಾಡಿ ನೋಡಿ. ಬಣ್ಣ, ಎಳೆ, ಸೀಳು ಎಲ್ಲ ಕಾಣುತ್ತದೆ. ಇದು ಏನಾಗಬಹುದು ಅಂತ ಆಗ ಯೋಚಿಸಿ. ಚಿತ್ರ ಆಮೇಲೆ ಬರೆಯಬಹುದು.

ಪ್ಯಾಲೆಟ್ ಮರವನ್ನು ಅಡುಗೆಮನೆ ಸಾಮಾನಿಗೆ ಬಳಸಬಹುದಾ?

ಹೊರದೇಶಕ್ಕೆ ಹೋಗಿ ಬರುವ ಪ್ಯಾಲೆಟ್ ಮೇಲೆ ತೆನೆಯ ಗುರುತಿರುವ ಒಂದು ಮುದ್ರೆ ಇರುತ್ತದೆ. ಅದರಲ್ಲಿ ಎಚ್‌ಟಿ ಅಂತ ಇದ್ದರೆ ಮರದ ಒಳಗಿನವರೆಗೂ 56 ಡಿಗ್ರಿ ಬಿಸಿ ಮುಟ್ಟಿಸಿ, 30 ನಿಮಿಷ ಹಾಗೇ ಇಟ್ಟಿದ್ದಾರೆ ಅಂತ ಅರ್ಥ. ಎಂಬಿ ಅಂತ ಇದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷದ ಹೊಗೆ ಹಾಕಿದ್ದಾರೆ. ಅದನ್ನು ಮನೆಯೊಳಗೇ ತರಬೇಡಿ. ಇಲ್ಲೇ ಓಡಾಡುವ ಪ್ಯಾಲೆಟ್ಟುಗಳಲ್ಲಿ ಎಷ್ಟೋ ಸಲ ಮುದ್ರೆಯೇ ಇರುವುದಿಲ್ಲ.

ಎಚ್‌ಟಿ ಇದ್ದರೂ ಅದರ ಮೇಲೆ ಯಾವ ಎಣ್ಣೆ, ಯಾವ ರಾಸಾಯನಿಕ ಚೆಲ್ಲಿತ್ತೋ ಯಾರಿಗೆ ಗೊತ್ತು? ಆದ್ದರಿಂದ ಪ್ಯಾಲೆಟ್ ಮರದಿಂದ ಕೀ ಹಾಕುವ ಹಲಗೆ, ಮೊಬೈಲ್ ಸ್ಟ್ಯಾಂಡ್, ಗೋಡೆಯ ಗೂಡು ಮಾಡುತ್ತೇನೆ. ಊಟ ತಾಗುವ ಸಾಮಾನು ಮಾಡುವುದಿಲ್ಲ.

ಹಳೇ ಬಾಗಿಲು?

ಮರ ಬಹಳ ಚೆನ್ನಾಗಿರುತ್ತದೆ. ಹೆದರಬೇಕಾದ್ದು ಬಣ್ಣಕ್ಕೆ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣದಲ್ಲಿ ಸೀಸ ಇದ್ದೇ ಇದೆ ಅಂತ ಇಟ್ಟುಕೊಂಡು ಕೆಲಸ ಮಾಡಿ. ಬಣ್ಣವನ್ನು ಒಣಗಿದ ಹಾಗೇ ಉಜ್ಜಬೇಡಿ, ಅದರ ಮೇಲೆ ಬಿಟ್ ಓಡಿಸಬೇಡಿ. ಒದ್ದೆ ಮಾಡಿ ಹೆರೆದು, ಆ ಚೂರನ್ನೆಲ್ಲ ಒಂದು ಕವರಿಗೆ ತುಂಬಿ. ಮಕ್ಕಳು ಹತ್ತಿರ ಸುಳಿಯದ ಹಾಗೆ ನೋಡಿಕೊಳ್ಳಿ. ದಪ್ಪ ಹಲಗೆಯಾದರೆ ಬಣ್ಣದ ಮುಖವನ್ನು ಸಾಮಿಲ್‌ನಲ್ಲಿ ಸೀಳಿಸಿಬಿಡುವುದೇ ಒಳ್ಳೆಯದು.

ಒಳಗೆ ಮುರಿದುಕೊಂಡ ಮೊಳೆ ಇದ್ದರೆ ಹೇಗೆ ತಿಳಿಯುವುದು?

ಮೊದಲು ಕಣ್ಣು. ಮೊಳೆ ಇರುವ ಕಡೆ ಸುತ್ತಲೂ ಕಪ್ಪು ಕಲೆ ಕಟ್ಟಿರುತ್ತದೆ. ಆಮೇಲೆ ಆಯಸ್ಕಾಂತ. ಹಳೇ ಸ್ಪೀಕರ್‌ನಿಂದ ತೆಗೆದ ಆಯಸ್ಕಾಂತಕ್ಕಿಂತ ಚಿಕ್ಕ ನಿಯೋಡಿಮಿಯಂ ತುಂಡು ಚುರುಕು. ಅದನ್ನು ದಾರಕ್ಕೆ ಕಟ್ಟಿ ಹಲಗೆಯ ಮೇಲೆ ನಿಧಾನವಾಗಿ ಆಡಿಸಿ. ಎಲ್ಲಿ ದಾರ ವಾಲುತ್ತದೋ ಅಲ್ಲಿ ಕಬ್ಬಿಣ ಇದೆ. ಎರಡೂ ಮುಖ ನೋಡಿ. ಹಿತ್ತಾಳೆ ಸ್ಕ್ರೂ ಇದಕ್ಕೆ ಸಿಗುವುದಿಲ್ಲ, ಅದಕ್ಕೆ ಕೈಯಲ್ಲಿ ಹಿಡಿಯುವ ಮೆಟಲ್ ಡಿಟೆಕ್ಟರ್ ಬೇಕು.

ಒಮ್ಮೆ ಒಂದೇ ಮುಖ ನೋಡಿ ಸಾಕು ಅಂದುಕೊಂಡೆ. ಬಿಟ್ ತುಂಡಾಗಿ ಶೆಡ್ಡಿನ ಗೋಡೆಗೆ ಬಡಿಯಿತು. ಅವತ್ತಿನಿಂದ ಕನ್ನಡಕ ಹಾಕದೆ ಯಂತ್ರದ ಹತ್ತಿರ ಹೋಗುವುದಿಲ್ಲ. ನೀವೂ ಹೋಗಬೇಡಿ.

ನಮ್ಮ ಕಡೆಯ ಮರಗಳಲ್ಲಿ ಯಾವುದು ಯಾವುದಕ್ಕೆ ಒಳ್ಳೆಯದು?

ಹಲಸು ನನಗೆ ಎಲ್ಲಕ್ಕಿಂತ ಇಷ್ಟ. ಬಿಟ್ಟಿಗೆ ಸಲೀಸು, ನೀರಿಗೆ ಹೆದರುವುದಿಲ್ಲ. ಕುಯ್ದಾಗ ಹಳದಿ, ವರ್ಷ ಕಳೆದ ಹಾಗೆ ಕಂದು. ಮುದ್ದೆ ಕಟ್ಟುವ ಮಣೆ, ಸಾಂಬಾರ ಡಬ್ಬಿ, ತಟ್ಟೆ ಎಲ್ಲಕ್ಕೂ ಆಗುತ್ತದೆ. ಹಸಿಯಾಗಿದ್ದರೆ ಮಾತ್ರ ಮೇಣ ಬಿಟ್ಟಿಗೆ ಅಂಟಿ ಸುಟ್ಟ ವಾಸನೆ ಬರುತ್ತದೆ.

ಬೇವಿನಲ್ಲಿ ಸೌಟು, ಮಣೆ ಮಾಡಬಹುದು. ಗೆದ್ದಲು ಅಷ್ಟಾಗಿ ಹತ್ತಿರ ಬರುವುದಿಲ್ಲ. ಎಳೆ ಅಡ್ಡಾದಿಡ್ಡಿ ಓಡಿರುತ್ತದೆ, ಹಾಗಾಗಿ ಅಂಚು ಕಿತ್ತುಬರುತ್ತದೆ. ಕೊನೆಯ ಸಲ ತೆಳ್ಳಗೆ ತೆಗೆಯಿರಿ.

ಹುಣಸೆ ಗಟ್ಟಿ. ಮಾಂಸದಂಗಡಿಯಲ್ಲಿ ಮಚ್ಚಿನ ಏಟು ತಿನ್ನುವ ಕೊರಡು ಇದೇ ಮರದ್ದು ಅಲ್ವಾ? ತರಕಾರಿ ಹೆಚ್ಚುವ ಹಲಗೆಗೆ ಇದಕ್ಕಿಂತ ಒಳ್ಳೆಯ ಮರ ನಾನು ನೋಡಿಲ್ಲ. ಆದರೆ ಚಿಕ್ಕ ಯಂತ್ರ ತಿಣುಕುತ್ತದೆ. 3018ರಲ್ಲಿ ಒಂದು ಸಲಕ್ಕೆ 0.3 ಮಿಲಿಮೀಟರಿಗಿಂತ ಜಾಸ್ತಿ ಇಳಿಸಬೇಡಿ.

ಮಾವು ನೋಡಲು ಚೆಂದ, ಕುಯ್ಯಲು ಸುಲಭ. ಬಹಳ ಬೇಗ ಕುಟ್ಟೆ ಹಿಡಿಯುತ್ತದೆ. ಹಲಗೆಯ ಮೇಲೆ ಸಾಸಿವೆ ಕಾಳಿನಷ್ಟು ತೂತು, ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಆ ತುಂಡನ್ನು ಶೆಡ್ಡಿನ ಒಳಗೆ ಬಿಟ್ಟುಕೊಳ್ಳಬೇಡಿ. ಉಳಿದ ಮರಕ್ಕೂ ಹಬ್ಬುತ್ತದೆ.

ತೇಗಕ್ಕೆ ಹೊಸದಾಗಿ ಹೇಳುವಂಥದ್ದು ಏನಿಲ್ಲ, ಎಲ್ಲರಿಗೂ ಗೊತ್ತು. ಒಳಗೆ ಎಣ್ಣೆ ಅಂಶ ಇರುವುದರಿಂದ ಅಂಟು ಹಾಕುವ ಮುಂಚೆ ಥಿನ್ನರ್‌ನಲ್ಲಿ ಒರೆಸಿ. ಸಿಲಿಕಾ ಇರುವುದರಿಂದ ಬಿಟ್ ಬೇಗ ಮೊಂಡಾಗುತ್ತದೆ. ಸಿಲ್ವರ್ ಓಕ್ ಹಗುರ, ಕಲಿಯುವವರಿಗೆ ಒಳ್ಳೆಯದು. ಅದರ ಪುಡಿಗೆ ಕೆಲವರಿಗೆ ಮೈ ತುರಿಸುತ್ತದೆ.

ತೆಂಗು ಬೇರೆಯದೇ ಲೋಕ. ಅದರ ಹೊರಭಾಗ ಕಲ್ಲಿನ ಹಾಗೆ, ನಡುಭಾಗ ಬೆಂಡು. ಹೊರಭಾಗದ ಎರಡು ಇಂಚು ಮಾತ್ರ ಬಳಸಿ. ಕಪ್ಪು ಗೆರೆಗಳು ಎದ್ದು ಕಾಣುವ ಚಂದದ ಟ್ರೇ ಆಗುತ್ತದೆ. ನೀಲಗಿರಿ ಒಣಗುವಾಗ ತಿರುಚಿ ಸೀಳುತ್ತದೆ. ನಾನು ಕೈಬಿಟ್ಟಿದ್ದೇನೆ.

ಬೀಟೆ, ಶ್ರೀಗಂಧದ ಚೂರು ಸಿಕ್ಕರೆ?

ಹಳೇ ಮನೆಯ ಬೀಟೆ ಆದರೆ ಯಾರ ಮನೆಯದು, ಎಲ್ಲಿಂದ ಬಂತು ಎಂಬ ಬರಹ ಇಟ್ಟುಕೊಳ್ಳಿ. ಶ್ರೀಗಂಧದ ತಂಟೆಗೆ ಹೋಗಬೇಡಿ.

ಮರ ಒಣಗಿದೆ ಅಂತ ಹೇಗೆ ಗೊತ್ತಾಗುತ್ತದೆ? ತೇವ ಅಳೆಯುವ ಮೀಟರ್ ಬೇಕಾ?

ಇದ್ದರೆ ಒಳ್ಳೆಯದು, ಶೇ 12ರ ಆಸುಪಾಸು ತೋರಿಸಿದರೆ ಸಾಕು. ಇಲ್ಲದಿದ್ದರೆ ಅಡುಗೆಮನೆಯ ತಕ್ಕಡಿ ಸಾಕು. ತುಂಡಿನ ಮೇಲೆ ಪೆನ್ಸಿಲ್‌ನಲ್ಲಿ ತೂಕ, ತಾರೀಕು ಬರೆಯಿರಿ. ವಾರಕ್ಕೊಮ್ಮೆ ತೂಗಿ. ತೂಕ ಇಳಿಯುವುದು ನಿಂತರೆ ಒಣಗಿದೆ ಅಂತ ಅರ್ಥ. ಒಂದಿಂಚು ದಪ್ಪದ ಹಸಿ ಹಲಗೆಗೆ ಸುಮಾರು ಒಂದು ವರ್ಷ ಬೇಕು ಅಂತ ಹಿರಿಯರು ಹೇಳುವ ಲೆಕ್ಕ ಸರಿಯೇ ಇದೆ.

ಬಿಸಿಲಿನಲ್ಲಿ ಇಡಬೇಡಿ. ಫೆಬ್ರವರಿಯಿಂದ ಮೇ ವರೆಗೆ ನಮ್ಮ ಜಿಲ್ಲೆಯ ಒಣ ಬಿಸಿಲಿಗೆ ಹಲಗೆಯ ತುದಿ ಬೇಗ ಒಣಗಿ, ನಡು ಹಸಿಯಾಗಿ ಉಳಿದು ಸೀಳು ಬೀಳುತ್ತದೆ. ನೆರಳಲ್ಲಿ, ಗಾಳಿಯಾಡುವ ಕಡೆ, ನಡುವೆ ರೀಪು ಕೊಟ್ಟು ಜೋಡಿಸಿ. ಎರಡೂ ತುದಿಗೆ ಪೇಂಟ್ ಅಥವಾ ಮೇಣ ಬಳಿಯಿರಿ.

ಯಾವ ಯಂತ್ರ ಸಾಕು?

ಕಲಿಯಲು 3018 ಸಾಕು. ಅದರ ಹೆಸರಲ್ಲೇ ಅಳತೆ ಇದೆ. 300 ಮಿಲಿಮೀಟರ್ ಉದ್ದ, 180 ಅಗಲ. ಚಪಾತಿ ಮಣೆ ಅದರಲ್ಲಿ ಆಗುವುದಿಲ್ಲ, ಅಗಲ ಸಾಲದು. ಮನೆ ಸಾಮಾನನ್ನೇ ಮಾಡಬೇಕು ಅಂತ ಮನಸ್ಸಿದ್ದರೆ ಎರಡಡಿಯದ್ದಕ್ಕೆ ಕಾದು ದುಡ್ಡು ಕೂಡಿಡಿ. ಅದರ ಸ್ಪಿಂಡಲ್ (ಬಿಟ್ಟನ್ನು ತಿರುಗಿಸುವ ಮೋಟಾರ್) ಕೂಡ ಮನೆಯ ಸಿಂಗಲ್ ಫೇಸ್‌ನಲ್ಲಿ ನಡೆಯುತ್ತದೆ. ಅದಕ್ಕೇ ಅಂತ ಬೇರೆ ಎಂಸಿಬಿ, ಸರಿಯಾದ ಅರ್ತಿಂಗ್ ಹಾಕಿಸಲೇಬೇಕು.

ಬಿಟ್ ಮುರಿಯುತ್ತದೆ, ಇಲ್ಲವೇ ಮರ ಸುಡುತ್ತದೆ. ವೇಗ ಎಷ್ಟಿರಬೇಕು?

ಎಲ್ಲರೂ ಹೆದರಿ ನಿಧಾನ ಮಾಡುತ್ತಾರೆ. ಸುಡುವುದು ಅದಕ್ಕೇ. ಬಿಟ್ ಒಂದೇ ಕಡೆ ತಿರುಗುತ್ತಾ ಉಜ್ಜಿದರೆ ಬಿಸಿಯಾಗುತ್ತದೆ. ಪ್ರತಿ ಸುತ್ತಿಗೂ ಒಂದಿಷ್ಟು ಚಕ್ಕೆ ಎದ್ದು ಬರಬೇಕು, ಆ ಚಕ್ಕೆಯೇ ಬಿಸಿಯನ್ನು ಹೊತ್ತು ಹೋಗುತ್ತದೆ.

ಲೆಕ್ಕ ಸುಲಭ. ನಿಮಿಷಕ್ಕೆ ಎಷ್ಟು ಸುತ್ತು, ಬಿಟ್ಟಿಗೆ ಎಷ್ಟು ಅಲಗು, ಒಂದು ಅಲಗು ತೆಗೆಯುವ ಚಕ್ಕೆಯ ದಪ್ಪ ಎಷ್ಟು, ಈ ಮೂರನ್ನೂ ಗುಣಿಸಿ. 10,000 ಸುತ್ತು, 2 ಅಲಗು, 0.03 ಮಿಲಿಮೀಟರ್ ಚಕ್ಕೆ ಅಂದರೆ ನಿಮಿಷಕ್ಕೆ 600 ಮಿಲಿಮೀಟರ್ ಓಡಿಸಬೇಕು. ಒಂದು ಸಲಕ್ಕೆ ಇಳಿಸುವ ಆಳ ಎಷ್ಟು ಅಂದರೆ, ಗಟ್ಟಿ ಯಂತ್ರದಲ್ಲಿ ಬಿಟ್ಟಿನ ದಪ್ಪದ ಅರ್ಧದಷ್ಟು. 3018ರಲ್ಲಿ ಮೆತ್ತಗಿನ ಮರಕ್ಕೆ 1 ಮಿಲಿಮೀಟರ್ ಸಾಕು. ಕೆಳಗೆ ಬೀಳುವುದನ್ನು ಬೆರಳಲ್ಲಿ ಮುಟ್ಟಿ ನೋಡಿ. ರವೆಯ ಹಾಗಿದ್ದರೆ ಸರಿ, ಮೈದಾ ಹಿಟ್ಟಿನ ಹಾಗಿದ್ದರೆ ಓಟ ಜಾಸ್ತಿ ಮಾಡಿ ಅಥವಾ ಸುತ್ತು ಕಡಿಮೆ ಮಾಡಿ.

ಚಿಕ್ಕ ತುಂಡನ್ನು ಹಿಡಿದಿಡುವುದು ಹೇಗೆ?

ಕ್ಲ್ಯಾಂಪ್ ಹಾಕಲು ಜಾಗ ಇರುವುದಿಲ್ಲ, ನಿಜ. ತುಂಡಿನ ತಳಕ್ಕೂ ಕೆಳಗಿನ ಎಂಡಿಎಫ್ (ಮರದ ನಾರು, ಅಂಟು ಒತ್ತಿ ಮಾಡಿದ) ಹಲಗೆಗೂ ಮಾಸ್ಕಿಂಗ್ ಟೇಪ್ ಅಂಟಿಸಿ. ಎರಡು ಟೇಪುಗಳ ಬೆನ್ನಿನ ನಡುವೆ ಫೆವಿಕ್ವಿಕ್ ಹನಿ ಹಾಕಿ ಒತ್ತಿ. ಕೆಲಸ ಮುಗಿದ ಮೇಲೆ ಟೇಪ್ ಸುಲಿದರೆ ಮುಗಿಯಿತು, ಮರಕ್ಕೆ ಕಲೆ ಇಲ್ಲ. ತಳ ಮಾತ್ರ ಸಮ ಇರಬೇಕು, ಹತ್ತರಿ ಹಿಡಿದು ಮೊದಲು ಸಮ ಮಾಡಿಕೊಳ್ಳಿ.

ಮೊದಲು ಏನು ಮಾಡಲಿ?

ಬಿಸಿ ಪಾತ್ರೆ ಇಡುವ ಹಲಗೆ ಮಾಡಿ. 14 ಮಿಲಿಮೀಟರ್ ದಪ್ಪ, 160 ಮಿಲಿಮೀಟರ್ ಚೌಕದ ಒಂದು ತುಂಡು ಸಾಕು. ಒಂದು ಮುಖದಲ್ಲಿ 8 ಮಿಲಿಮೀಟರ್ ಆಳದ ಉದ್ದ ಗಾಡಿಗಳನ್ನು (ಕಾಲುವೆಯಂಥ ತೋಡುಗಳನ್ನು) ಸಾಲಾಗಿ ತೆಗೆಯಿರಿ. ಮಗುಚಿ, ಇನ್ನೊಂದು ಮುಖದಲ್ಲಿ ಅಷ್ಟೇ ಆಳದ ಗಾಡಿಗಳನ್ನು ಅಡ್ಡಡ್ಡ ತೆಗೆಯಿರಿ. ಎರಡೂ ಸೇರಿದರೆ 16, ಹಲಗೆ 14. ಹಾಗಾಗಿ ಗಾಡಿಗಳು ಒಂದನ್ನೊಂದು ದಾಟುವ ಕಡೆಯೆಲ್ಲ ತಾನಾಗಿಯೇ ಚೌಕದ ಕಿಂಡಿ ಮೂಡುತ್ತದೆ. ಮೊದಲ ಸಲ ಅದನ್ನು ನೋಡಿದಾಗ ಆಗುವ ಖುಷಿಯೇ ಬೇರೆ. ನೇರ ಗೆರೆ ಬಿಟ್ಟರೆ ಬೇರೇನೂ ಬೇಡ, ಮಗುಚುವಾಗ ಒಂದೆರಡು ಮಿಲಿಮೀಟರ್ ಹೆಚ್ಚುಕಡಿಮೆಯಾದರೂ ಯಾರಿಗೂ ಗೊತ್ತಾಗುವುದಿಲ್ಲ.

ಇದನ್ನು ಒಂದೇ ತುಂಡಿನಿಂದ ಮಾಡಿ. ಪಟ್ಟಿ ಅಂಟಿಸಿ ಮಾಡಿದರೆ ಕುಕ್ಕರಿನ ಬಿಸಿಗೆ ಫೆವಿಕಾಲ್ ಮೆತ್ತಗಾಗುತ್ತದೆ.

ಅಳಗುಳಿ ಮಣೆ ಚಿಕ್ಕ ಯಂತ್ರದಲ್ಲಿ ಆಗುತ್ತದಾ?

ಆಗುತ್ತದೆ. ಒಂದು ಸಾಲಿಗೆ 7, ಒಟ್ಟು 14 ಗುಳಿ. ಗುಳಿಯ ಅಗಲ 34, ಒಂದರ ನಡುವಿನಿಂದ ಇನ್ನೊಂದರ ನಡುವಿಗೆ 40 ಮಿಲಿಮೀಟರ್ ಇಟ್ಟರೆ ಸಾಲಿನ ಉದ್ದ 274. 3018ರಲ್ಲಿ ಕೂರುತ್ತದೆ. 18 ಮಿಲಿಮೀಟರ್ ಹಲಗೆಗೆ ಗುಳಿಯ ಆಳ 10 ಇರಲಿ. ತುದಿ ದುಂಡಗಿರುವ ಬಾಲ್ ನೋಸ್ ಬಿಟ್ ಬಳಸಿ, ತಳ ಬಟ್ಟಲಿನ ಹಾಗೆ ಬರಬೇಕು. ಚಪ್ಪಟೆ ತಳ ಆದರೆ ಹುಣಸೆ ಬೀಜ ಮೂಲೆಗೆ ಸೇರಿಕೊಂಡು ಬೆರಳಿಗೆ ಸಿಗುವುದಿಲ್ಲ. ನಮ್ಮ ಅಜ್ಜಿ ಮೊದಲ ಮಣೆ ನೋಡಿ ಹೇಳಿದ್ದು ಅದೇ: 'ಬಳಿದು ತೆಗೆಯೋಕೆ ಆಗಬೇಕು ಕಣಪ್ಪಾ.' ಎರಡನೆಯದನ್ನು ಅವರ ಬೆರಳು ಇಳಿಸಿ ನೋಡಿಯೇ ಅಳತೆ ಮಾಡಿದೆ. ಎರಡು ಸಾಲನ್ನು ಎರಡು ಹಲಗೆಯಲ್ಲಿ ಮಾಡಿ ನಡುವೆ ಕೀಲು ಹಾಕಿದರೆ ಮಡಚಬಹುದು, ಬೀಜ ಒಳಗೇ ಉಳಿಯುತ್ತದೆ.

ಸಂಕ್ರಾಂತಿಗೆ ಸಕ್ಕರೆ ಅಚ್ಚಿನ ಮಣೆ?

ಇದಕ್ಕೆ ತಾಳ್ಮೆ ಬೇಕು. ಎಳೆ ಬಿಗಿಯಾಗಿರುವ ಮರ ತೆಗೆದುಕೊಳ್ಳಿ, ಇಲ್ಲದಿದ್ದರೆ ಪಾಕ ರಂಧ್ರಕ್ಕೆ ಇಳಿದು ಅಚ್ಚು ಬಿಡುವುದಿಲ್ಲ. ಎರಡು ಹೋಳು, ನಡುವೆ ಎರಡು ಗೂಟ, ಮೇಲೆ ಪಾಕ ಹುಯ್ಯಲು ಬಾಯಿ. ಗುಳಿಯ ಗೋಡೆ ನೆಟ್ಟಗೆ ಇರಬಾರದು, 5ರಿಂದ 10 ಡಿಗ್ರಿ ಹೊರಕ್ಕೆ ವಾಲಿರಬೇಕು. ಗಿಳಿಯೋ ಆನೆಯೋ ಮಾಡುವಾಗ ಒಂದು ಹೋಳಿನ ಚಿತ್ರವನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಬೇಕು. ನಾನು ಮೊದಲು ಇದನ್ನೇ ಮರೆತು ಎರಡೂ ಹೋಳನ್ನು ಒಂದೇ ದಿಕ್ಕಿಗೆ ಕೊರೆದಿದ್ದೆ. ಬಳಸುವ ಮುಂಚೆ ನೀರಲ್ಲಿ ನೆನೆಸಿಡಬೇಕು ಅಂತ ಮನೆಯ ಹೆಂಗಸರಿಗೆ ಗೊತ್ತೇ ಇದೆ. ಹಾಗಾಗಿ ಅಚ್ಚಿಗೆ ವಾರ್ನಿಷ್ ಬೇಡವೇ ಬೇಡ.

ಹೆಸರು, ಮನೆ ಹೆಸರು ಕನ್ನಡದಲ್ಲಿ ಕೊರೆದರೆ ಒತ್ತಕ್ಷರ ಒಡೆದುಹೋಗುತ್ತದೆ, ಯಾಕೆ?

ಕೊರೆಯುವ ದಾರಿ ಮಾಡುವ ಕೆಲವು ತಂತ್ರಾಂಶಗಳಿಗೆ ಕನ್ನಡ ಅಕ್ಷರ ಜೋಡಿಸಲು ಬರುವುದಿಲ್ಲ. 'ಲಕ್ಷ್ಮಿ' ಅಂತ ಬರೆದರೆ ಬಿಡಿಬಿಡಿ ಮಾಡಿಬಿಡುತ್ತದೆ. ಮೊದಲು ಇಂಕ್‌ಸ್ಕೇಪ್ ಎಂಬ ಚಿತ್ರ ಬರೆಯುವ ತಂತ್ರಾಂಶದಲ್ಲಿ ಬರೆಯಿರಿ. ಅದು ಉಚಿತ. 'ನೋಟೋ ಸಾನ್ಸ್ ಕನ್ನಡ' ಅಥವಾ 'ಬಾಲೂ ತಮ್ಮ' ಎಂಬ ಫಾಂಟ್ ಆರಿಸಿ, ಅಕ್ಷರವನ್ನು ಪಾಥ್ (ಬರೀ ಗೆರೆಗಳ ಚಿತ್ರ) ಆಗಿ ಬದಲಾಯಿಸಿ, ಆಮೇಲೆ ಎಸ್‌ವಿಜಿ ಕಡತವನ್ನು ಮುಂದಕ್ಕೆ ಕೊಡಿ. ತುದಿ ಚೂಪಾಗಿರುವ 60 ಡಿಗ್ರಿಯ ವಿ ಬಿಟ್ಟಿನಲ್ಲಿ ಅಕ್ಷರದ ಎತ್ತರ 20 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಒತ್ತಕ್ಷರ ಮುಚ್ಚಿಹೋಗುತ್ತದೆ. ಕನ್ನಡಕ್ಕೆ ಉಸಿರಾಡಲು ಜಾಗ ಬೇಕು, ಕೊಡಿ.

ನಡುವೆ ಕರೆಂಟ್ ಹೋದರೆ?

ಯಂತ್ರಕ್ಕೆ ತಾನು ಎಲ್ಲಿದ್ದೆ ಅಂತ ಮರೆತುಹೋಗುತ್ತದೆ. ಅಂಚು ಮುಟ್ಟಿದ್ದನ್ನು ಹೇಳುವ ಲಿಮಿಟ್ ಸ್ವಿಚ್ ಇದ್ದರೆ ಕರೆಂಟ್ ಬಂದ ಮೇಲೆ ಹೋಮಿಂಗ್ ಮಾಡಿ, ಅಂದರೆ ಯಂತ್ರವನ್ನು ಅದರ ಮೂಲೆಗೆ ಕಳಿಸಿ. ನಮ್ಮಂಥ ಚಿಕ್ಕ ಯಂತ್ರಗಳನ್ನು ಒಳಗಿಂದ ನಡೆಸುವ ಜಿಆರ್‌ಬಿಎಲ್ ತಂತ್ರಾಂಶ ಕೆಲಸದ ಮೂಲಬಿಂದುವನ್ನು ನೆನಪಲ್ಲಿ ಇಟ್ಟುಕೊಂಡಿರುತ್ತದೆ. ಸ್ವಿಚ್ ಇಲ್ಲದಿದ್ದರೆ ಕೆಳಗಿನ ಎಂಡಿಎಫ್ ಮೂಲೆಯಲ್ಲಿ ವಿ ಬಿಟ್ಟಿನಿಂದ ಒಂದು ಚುಕ್ಕೆ ಕೊರೆದು, ಪ್ರತಿ ಕೆಲಸವನ್ನೂ ಆ ಚುಕ್ಕೆಯಿಂದ ಅಳೆದು ಶುರು ಮಾಡಿ. ಕಂಪ್ಯೂಟರಿನಿಂದ ಯಂತ್ರಕ್ಕೆ ಒಂದೊಂದೇ ಸಾಲು ಆದೇಶ ಕಳಿಸುವ ಕ್ಯಾಂಡಲ್, ಯುಜಿಎಸ್ ತಂತ್ರಾಂಶಗಳಲ್ಲಿ ಮಧ್ಯದ ಸಾಲಿನಿಂದ ಮುಂದುವರಿಸಬಹುದು. ನಿಂತ ಸಾಲಿಗಿಂತ ಸ್ವಲ್ಪ ಹಿಂದಿನಿಂದ ಶುರು ಮಾಡಿ, ಅದಕ್ಕೂ ಮುಂಚೆ ಸ್ಪಿಂಡಲ್ ತಿರುಗುತ್ತಿದೆಯಾ ನೋಡಿಕೊಳ್ಳಿ.

ಊಟದ ಸಾಮಾನಿಗೆ ಯಾವ ಎಣ್ಣೆ ಹಚ್ಚಬೇಕು?

ಮೆಡಿಕಲ್ ಶಾಪಿನಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್ ಐಪಿ. ಅದರ ನಾಲ್ಕು ಪಾಲಿಗೆ ಒಂದು ಪಾಲು ಜೇನುಮೇಣ ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ, ಆರಿದ ಮೇಲೆ ಬಟ್ಟೆಯಲ್ಲಿ ಉಜ್ಜಿ. ಮುದ್ದೆ ಮಣೆಗೆ ಮಾತ್ರ ಮೇಣ ಬೇಡ, ಬಿಸಿ ಮುದ್ದೆಗೆ ಕರಗುತ್ತದೆ. ಅದಕ್ಕೆ ಬರೀ ಮರವೇ ಚೆನ್ನ. ಒಮ್ಮೆ ನೀರು ಸವರಿ, ಒಣಗಿ ನಾರು ಎದ್ದ ಮೇಲೆ ಉಪ್ಪುಕಾಗದದಲ್ಲಿ ಮತ್ತೆ ಉಜ್ಜಿ, ಆಮೇಲೆ ಒರಟಾಗುವುದಿಲ್ಲ.

ಅಡುಗೆ ಎಣ್ಣೆ ಹಚ್ಚಿದರೆ ಕೆಲವು ತಿಂಗಳಲ್ಲಿ ಕಮಟು ವಾಸನೆ ಬರುತ್ತದೆ. ಪೇಂಟ್ ಅಂಗಡಿಯ ಕುದಿಸಿದ ಅಗಸೆ ಎಣ್ಣೆಯಲ್ಲಿ ಬೇಗ ಒಣಗಲು ಲೋಹದ ಲವಣ ಸೇರಿಸಿರುತ್ತಾರೆ, ಊಟದ ಸಾಮಾನಿಗೆ ಬೇಡ. ಬೇರೆ ಕೆಲಸಕ್ಕೆ ಬಳಸಿದರೂ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಎಸೆಯಬೇಡಿ. ಅದು ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಹರಡಿ ಒಣಗಿಸಿ ಅಥವಾ ನೀರಲ್ಲಿ ಮುಳುಗಿಸಿ.

ಧೂಳಿಗೆ ಇಷ್ಟೊಂದು ಹೆದರಬೇಕಾ? ಮರದ್ದು ತಾನೇ?

ಹೆದರಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವಾದ ಐಎಆರ್‌ಸಿ, ಮರದ ಧೂಳು ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಅಂತ 1995ರಲ್ಲೇ ಹೇಳಿದೆ. ಮೂಗು, ಸೈನಸ್ಸಿಗೆ ಬರುವಂಥದ್ದು. ಟವೆಲ್ ಕಟ್ಟಿಕೊಂಡರೆ ಸಾಲದು, ಎನ್95 ಮಾಸ್ಕ್ ಹಾಕಿ. ಬಿಟ್ಟಿನ ಪಕ್ಕಕ್ಕೇ ವ್ಯಾಕ್ಯೂಮಿನ ಪೈಪ್ ಕಟ್ಟಿ. ಯಂತ್ರ ನಿಂತ ಮೇಲೂ ಸಣ್ಣ ಧೂಳು ಗಾಳಿಯಲ್ಲಿ ತೇಲುತ್ತಲೇ ಇರುತ್ತದೆ, ಮಾಸ್ಕ್ ತಕ್ಷಣ ತೆಗೆಯಬೇಡಿ.

ಉಳಿದ ಪುಡಿಯನ್ನು ಏನು ಮಾಡುವುದು?

ಬರೀ ಮರದ ಪುಡಿ ಆದರೆ ತಿಪ್ಪೆಗೆ ಸಗಣಿಯ ಜೊತೆ ಬೆರೆಸಿ ಹಾಕಿ. ಗಿಡದ ಬುಡಕ್ಕೆ ಹಸಿಯಾಗಿ ಹಾಕಿದರೆ ಮಣ್ಣಿನ ಸಾರಜನಕವನ್ನು ಅದೇ ಎಳೆದುಕೊಂಡು ಗಿಡ ಹಳದಿಯಾಗುತ್ತದೆ. ಪ್ಲೈವುಡ್, ಎಂಡಿಎಫ್, ಬಣ್ಣದ ಬಾಗಿಲಿನ ಪುಡಿಯನ್ನು ಬೇರೆ ಚೀಲದಲ್ಲಿ ಇಡಿ. ಅದನ್ನು ಸ್ನಾನದ ಒಲೆಗೆ ಹಾಕಬೇಡಿ, ದನದ ಕೊಟ್ಟಿಗೆಗೂ ಹಾಸಬೇಡಿ. ನಮ್ಮ ಶೆಡ್ಡಿನಲ್ಲಿ ಎರಡು ಡಬ್ಬ ಇವೆ. ಕೆಂಪು ಮುಚ್ಚಳದ್ದಕ್ಕೆ ಅಂಟು, ಬಣ್ಣ ಇರುವ ಪುಡಿ. ಹಸಿರು ಮುಚ್ಚಳದ್ದು ತಿಂಗಳಿಗೊಮ್ಮೆ ತಿಪ್ಪೆಗೆ ಹೋಗುತ್ತದೆ.